ಕೋಣೆಯಿಲ್ಲದ ಕಿಟಕಿಯಿಂದ ಇಳಿದ ಬುಟ್ಟಿ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ವರದಿಗಾರ, ದೆವ್ವದ ಕತೆ ಹೇಳುವವನಲ್ಲ. ಇದನ್ನು ಕಣ್ಣಾರೆ ಕಂಡೆ, ಇಕ್ಬಾಲ್ ಕೂಡ ಕಂಡ.

2014ರ ಚಳಿಗಾಲ. ದುಬೈನ ಜೆಬೆಲ್ ಅಲಿ ಬಳಿ ಇಟಲಿಯ ಬೆಟ್ಟದ ಊರೊಂದರ ಬೀದಿಯನ್ನೇ ಹೋಲುವ ಮಾಲ್ ಕಟ್ಟುತ್ತಿದ್ದರು. ಕಲ್ಲುಕೆಲಸಕ್ಕೆ ಅದೇ ಊರಿನ ಎಂಝೋ ಬಂದಿದ್ದ. ಸೂಪರ್‌ವೈಸರ್ ಇಕ್ಬಾಲ್ ಉಳ್ಳಾಲದವನು, ನನ್ನ ಗೆಳೆಯ. ಎಂಝೋನನ್ನು ಮಾತಾಡಿಸಲು ಆ ರಾತ್ರಿ ಹೋಗಿದ್ದೆ.

"ಇವತ್ತು ಕಷ್ಟ ಮಾರಾಯ್ರೆ," ಇಕ್ಬಾಲ್ ಪಿಸುಗುಟ್ಟಿದ. "ಎಂಝೋ ಅವರ ಊರಲ್ಲಿ ಗುಡ್ಡ ಜರಿದಿದೆ. ಹೆಂಡ್ತಿ ಇನ್ನೂ ಸಿಕ್ಲಿಲ್ಲ. ಫ್ಲೈಟ್ ಬೆಳಿಗ್ಗೆಯೇ ಇರೋದು. ರೂಮಲ್ಲಿ ಕೂತ್ಕೊಳ್ಳಿಕ್ಕೆ ಆಗ್ದೆ ಇಲ್ಲಿಗೇ ಬಂದಿದ್ದಾರೆ."

ಆದರೆ ಎಂಝೋ ತಾನಾಗಿಯೇ ಮಾತಾಡಿದ, ಹರಕು ಇಂಗ್ಲಿಷಿನಲ್ಲಿ. ದಂಡೆತ್ತಿ ಬರುವವರಿಗೆ ಹೆದರಿ ಹಿಂದಿನವರು ಬೆಟ್ಟದ ತುದಿಯಲ್ಲಿ ಕಟ್ಟಿದ ಊರಂತೆ. ಕೊನೆಗೆ ಊರಿಗೆ ಶತ್ರುವಾದದ್ದು ಅಡಿಯ ಜೇಡಿಮಣ್ಣು. ಒಂದೊಂದೇ ಬೀದಿ ಕುಸಿದರೂ ಜನ ಹಟ ಹಿಡಿದು ಉಳಿದರು. ಮೆಟ್ಟಿಲು ಕಡಿದಾದ್ದರಿಂದ ಹೆಂಗಸರು ಕಿಟಕಿಯಿಂದಲೇ ಬುಟ್ಟಿ ಇಳಿಸುತ್ತಾರೆ. ಕೆಳಗಿನವರು ಬ್ರೆಡ್ ಹಾಕಿ ಹಗ್ಗವನ್ನು ಎರಡು ಸಲ ಜಗ್ಗಿದರೆ ಮೇಲೆಳೆದುಕೊಳ್ಳುತ್ತಾರೆ.

"ಹೊರಡುವಾಗ ನನ್ನ ಹೆಂಡತಿ ರೋಸಾ ಬೈದಳು," ಎಂದ. "'ಹೋಗು, ಅಲ್ಲಿ ನಕಲಿ ಊರು ಕಟ್ಟು. ಇಲ್ಲಿ ಅಸಲಿ ಬೀಳಲಿ' ಅಂತ."

ಆಗ ಜನರೇಟರ್ ನಿಂತಿತು...

ಒಣಗಾಳಿಯಲ್ಲಿ ಹಸಿಮಣ್ಣಿನ ವಾಸನೆ. ಮೇಲೆಲ್ಲೋ ಹಗ್ಗ ಉಜ್ಜುವ ಸದ್ದು. ಕರ್... ಕರ್...

ಮಸುಕು ಬೆಳದಿಂಗಳಲ್ಲಿ ಎದುರಿನ ಕಿಟಕಿಯಿಂದ ಬುಟ್ಟಿಯೊಂದು ಇಳಿಯುತ್ತಿತ್ತು. ಆ ಕಿಟಕಿ ಬರೀ ಅಲಂಕಾರ. ಹಿಂದೆ ಕೋಣೆಯಿಲ್ಲ, ಸಿಮೆಂಟಿನ ಗೋಡೆ.

"ಯಾರದು ಮೇಲೆ? ಯಲ್ಲಾ, ಇಳೀರಿ!" ಇಕ್ಬಾಲ್ ಕೂಗಿದ.

ಬುಟ್ಟಿಯ ತಳದಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಎಂಝೋ ಇಕ್ಬಾಲನ ಊಟದ ಪೊಟ್ಟಣದಿಂದ ಒಂದು ಖುಬೂಸ್ ರೊಟ್ಟಿ ತೆಗೆದು ಅದರಲ್ಲಿಟ್ಟ. ಹಗ್ಗವನ್ನು ಎರಡು ಸಲ ಜಗ್ಗಿದ. ಆಮೇಲೆ ಗೋಡೆಗೆ ಹಣೆ ಹಚ್ಚಿ ಬಿಕ್ಕತೊಡಗಿದ. ಮೇಲೆ ನೋಡಲೇ ಇಲ್ಲ.

ಬುಟ್ಟಿ ಮೇಲೇರಿ ಕತ್ತಲಲ್ಲಿ ಕರಗಿತು. ಇಕ್ಬಾಲ್ ಮೇಲಕ್ಕೆ ಟಾರ್ಚ್ ಬೆಳಕು ಬಿಟ್ಟ. ಹಗ್ಗವಿಲ್ಲ, ಬುಟ್ಟಿಯಿಲ್ಲ... ಮುಚ್ಚಿದ ಗೋಡೆ.

ಎಂಝೋನ ಫೋನ್ ರಿಂಗಾಯಿತು. ಕೇಳಿಸಿಕೊಂಡು ಇಟ್ಟ.

"ಮಣ್ಣಿನಡಿ ಸಿಕ್ಕಿದಳು," ಎಂದ. "ಖಲಾಸ್."

ಆಮೇಲೆ ನನ್ನ ತೋಳು ಹಿಡಿದು ಕೇಳಿದ, "ನೀವು ಮೇಲೆ ನೋಡುತ್ತಿದ್ದಿರಿ. ತೆಗೆದುಕೊಂಡಳಾ?"

"ತೆಗೆದುಕೊಂಡರು," ಎಂದೆ.

ನಾನು ಕಂಡದ್ದು ಬುಟ್ಟಿ ಮೇಲೆ ಹೋದದ್ದನ್ನು ಮಾತ್ರ. ತೆಗೆದುಕೊಂಡವರನ್ನಲ್ಲ. ಆ ಮಾತು ಸುಳ್ಳಾಗದಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ... ನಿಜವಾಗಿದ್ದರೆ ಎಂದು ಹೆದರುತ್ತಲೇ.