ತಾಯಿಯ ಜಾಗದಲ್ಲಿದ್ದ ಹೆಸರು

ನನ್ನ ಮದುವೆ ನಿಂತದ್ದು ಒಂದು ಹೆಸರಿನಿಂದ. ನಿಂತದ್ದು ಎಂದು ಬರೆದ ಕೂಡಲೇ ಸುಳ್ಳು ಅನ್ನಿಸುತ್ತದೆ. ಕೆಲವು ವಾರ ಅಲುಗಾಡಿತು, ಅಷ್ಟೆ. ಆದರೆ ಆ ವಾರಗಳು ತಲೆಯಲ್ಲಿ ಎಷ್ಟು ಜಾಗ ಹಿಡಿದಿವೆಯೆಂದರೆ ಮದುವೆಯ ದಿನ ಯಾವ ಬಣ್ಣದ ಸೀರೆ ಉಟ್ಟಿದ್ದೆ ಎಂಬುದು ಮರೆತಿದೆ.

ಎಪ್ಪತ್ತರ ದಶಕ. ನಾವು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೆವು, ಗಂಡಿನ ಮನೆಯವರು ಕುರುಗೋಡಿನಲ್ಲಿ. ಎರಡೂ ಮನೆಯವರು ಹಿಂದೆ ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿ ಅಕ್ಕಪಕ್ಕ ಬಾಳಿದವರು. ಆ ಸಲಿಗೆಯಿಂದಲೇ ಅಪ್ಪ ಈ ಸಂಬಂಧ ಕೇಳಿದ್ದು. ಚರ್ಚಿಗೆ ಹೊಸದಾಗಿ ಬಂದಿದ್ದ ಫಾದರ್ ಮಂಗಳೂರು ಕಡೆಯವರು, ಎಲ್ಲವನ್ನೂ ನೋಡಿಯೇ ನಂಬುವವರು. ಒಂದೇ ಊರಿನ ಎರಡು ಮನೆ ಎಂದು ಗೊತ್ತಾದದ್ದೇ, ಇಬ್ಬರ ತಂದೆಯರಿಗೂ ಕೂಸಿದ್ದಾಗ ತಲೆಗೆ ನೀರು ಹಾಕಿಸಿದ ಜ್ಞಾನಸ್ನಾನದ ದಾಖಲೆಯನ್ನೂ ಒಮ್ಮೆ ನೋಡಿಬಿಡೋಣ ಎಂದರು.

ಹಳೆಯ ದೊಡ್ಡ ಪುಸ್ತಕ, ಲ್ಯಾಟಿನ್ ಅಕ್ಷರ. ಅಪ್ಪನ ಸಾಲಿನಲ್ಲಿ ತಂದೆ ಎಂಬಲ್ಲಿ ನನ್ನ ಅಜ್ಜನ ಹೆಸರಿತ್ತು. ತಾಯಿ ಎಂಬಲ್ಲಿ ನನ್ನ ಅಜ್ಜಿಯ ಹೆಸರಿರಲಿಲ್ಲ. ಅಲ್ಲಿದ್ದದ್ದು ನಾನು ಮದುವೆಯಾಗಬೇಕಿದ್ದ ಹುಡುಗನ ಅಜ್ಜಿಯ ಹೆಸರು, ಮನೆತನದ ಹೆಸರಿನ ಸಮೇತ. ಅದು ನಿಜವಾದರೆ ನನ್ನ ಅಪ್ಪ, ಹುಡುಗನ ಅಪ್ಪ ಒಬ್ಬಳೇ ತಾಯಿಯ ಮಕ್ಕಳು. ನಾನೂ ಆ ಹುಡುಗನೂ ಅಣ್ಣ ತಂಗಿ.

ಮನೆಗೆ ಬಂದ ಮೇಲೆ ಅವ್ವ ಸುಮ್ಮನಿರಲಿಲ್ಲ. "ನಿಮ್ಮಪ್ಪ ಭಾಳ ಸಂಭಾವಿತ ಅಂತಿದ್ರಿ. ನಡುವ ಒಂದು ಗ್ವಾಡಿ ಇತ್ತಂತ, ಅಷ್ಟ."

"ಮಗಳ ಮುಂದ ಏನ್ ಮಾತಾಡ್ತಿ," ಎಂದ ಅಪ್ಪ.

"ಮಗಳಿಗೇ ಅಲ್ಲೇನು ಬೆಂಕಿ ಹತ್ತಿರೋದು?"

ಅಪ್ಪ ಆ ರಾತ್ರಿ ಉಣ್ಣಲಿಲ್ಲ. ಅಥವಾ ಉಂಡ, ನಾನು ಉಣ್ಣಲಿಲ್ಲ.

ಅಪ್ಪನ ಅಕ್ಕ ಸಿರುಗುಪ್ಪದಲ್ಲಿದ್ದರು. ಬೆಳಿಗ್ಗೆ ಬಸ್ಸು ಹತ್ತಿ ಅಪ್ಪನೂ ನಾನೂ ಹೋದೆವು. ಅತ್ತೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನಕ್ಕರು.

"ನಿನ್ನ ತಿಪ್ಪಿಗೆ ಹಾಕಿದ್ವಿ ನೋಡಪಾ. ನನ್ನ ಹಿಂದ ಹುಟ್ಟಿದ್ದು ಒಂದೂ ಉಳೀಲಿಲ್ಲ. ಅದಕ್ಕ ನಿನ್ನ ಒಯ್ದು ತಿಪ್ಪಿ ಮ್ಯಾಲ ಇಟ್ರು. ಬಾಜೂ ಮನಿಯಾಕಿ ಎತ್ತಿಗೊಂಡು, ಒಂದು ಮೊರ ತವುಡು ಕೊಟ್ಟು ಕೊಂಡ್ಳು. ಆಮ್ಯಾಲ ಅವ್ವ ನಿನ್ನ ಸಾಕಿದ್ದು ಆಕಿ ಮಗನ್ನ ಸಾಕಿದಂಗ."

ಕೂಸು ಬೇರೆಯವಳದು ಎಂದು ಸಾವಿಗೆ ಅನ್ನಿಸಬೇಕು, ಅದು ದಾರಿ ತಪ್ಪಬೇಕು. ಸುತ್ತಲಿನ ಎಲ್ಲ ಮನೆಗಳಲ್ಲಿದ್ದ ಪದ್ಧತಿ. ಶಿಲುಬೆ ಕಟ್ಟಿಕೊಂಡ ಮೇಲೂ ನಮ್ಮವರು ಬಿಟ್ಟಿರಲಿಲ್ಲ. ಆಗಿನ ಫಾದರ್ ವರ್ಷಕ್ಕೊಮ್ಮೆ ಬಂಡಿಯಲ್ಲಿ ಊರಿಗೆ ಬರುತ್ತಿದ್ದರಂತೆ. ತಂದೆ ಎಂದು ಅಜ್ಜ ತನ್ನ ಹೆಸರು ಬರೆಸಿದ; ಕೂಸಿನ ತಾಯಿ ಯಾರು ಎಂದು ಅವರು ಕೇಳಿದಾಗ ನನ್ನ ಅಜ್ಜಿ ಬಾಯಿ ಬಿಡಲಿಲ್ಲ. ಕೊಂಡವಳು, ಹುಡುಗನ ಅಜ್ಜಿ, ಮುಂದೆ ಬಂದು "ನಾನು" ಎಂದಳು.

ನನಗೆ ಬೇಕಾಗಿದ್ದ ಕತೆ ಇದೇ. ಬೇಕಾಗಿದ್ದರಿಂದಲೇ ನಂಬಲು ಹೆದರಿಕೆ. ಊಟಕ್ಕೆ ಕೂತಾಗ ಅತ್ತೆ ಅದನ್ನೇ ಮತ್ತೆ ಹೇಳಿದರು. ಈ ಸಲ ಕತೆಯಲ್ಲಿ ತವುಡು ಹೋಗಿ ಜೋಳ ಬಂದಿತ್ತು.

ಫಾದರ್ ಒಪ್ಪಲಿಲ್ಲ. "ಅಕ್ಕನ ಮಾತು ಸಾಲದು. ಪುಸ್ತಕದಲ್ಲಿ ಹೆಸರಿರುವ ಹೆಂಗಸು ಬದುಕಿದ್ದಾರಲ್ಲ. ಇವನನ್ನು ನಾನು ಹೆತ್ತಿಲ್ಲ ಎಂದು ಅವರೇ ಒಂದು ಮಾತು ಹೇಳಲಿ. ನಾನೇ ಬಂದು ಕೇಳುತ್ತೇನೆ."

ಕುರುಗೋಡಿನಲ್ಲಿ ಆ ಅಜ್ಜಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಫಾದರ್ ಕೇಳಿದರು.

"ಇವ ನನ್ನ ಮಗ," ಎಂದರು ಅಜ್ಜಿ, ಅಪ್ಪನನ್ನು ತೋರಿಸಿ.

"ನೀವು ಹೆತ್ತ ಮಗನೇ?"

"ಮಗ ಅಂದಮ್ಯಾಲ ಮಗ."

ಹುಡುಗನ ಅಪ್ಪ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅವ್ವಾ, ಇಲ್ಲ ಅಂದುಬಿಡು. ನಿನ್ನ ಮೊಮ್ಮಗನ ಮದುವಿ ನಿಂತೈತಿ."

"ನೀ ಸುಮ್ನಿರಲೇ. ನಾ ಇಲ್ಲ ಅಂದು ಇವಗ ಏನರ ಆದ್ರ? ಇವನ್ನ ಸಾಕಿದಾಕಿ ಸಾಯೋ ಮುಂದ ಇವನ್ನ ನನ್ನ ಕೈಯಾಗ ಇಟ್ಟು ಹೋಗ್ಯಾಳ. ನಿನ್ನ ಮಗನಿಗೆ ಬ್ಯಾರೆ ಹೆಣ್ಣು ಸಿಗತೈತಿ."

ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮಾತನ್ನು ಅವರು ನನ್ನನ್ನು ನೋಯಿಸಲು ಆಡಲಿಲ್ಲ. ಎರಡು ಜೀವ ತಕ್ಕಡಿಗಿಟ್ಟರು, ಅಪ್ಪನದು ಭಾರವಾಯಿತು.

"ಅವ್ವಾ, ನನಗ ಐವತ್ತು ದಾಟೈತಿ," ಎಂದ ಅಪ್ಪ. "ಸಾವು ಇನ್ನೂ ನನ್ನ ಹುಡುಕ್ಕೋತ ಕುಂತೈತೇನು? ಅಂದುಬಿಡು."

"ನೀ ಆ ಹೆಸರು ಎತ್ತಬ್ಯಾಡ." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನು ನೋಡಿದರು. ಆಮೇಲೆ ಫಾದರ್ ಕಡೆ ತಿರುಗಿದರು. "ನಿಮ್ಮ ಪುಸ್ತಕದಾಗ ನನ್ನ ಹಿರೇ ಮಗಳು ಅದಾಳೇನು ನೋಡ್ರಿ. ಇವನ್ನ ನೀರು ಹಾಕಸಾಕ ಒಯ್ದಾಗ ಆಕಿ ನನ್ನ ಇನ್ನೊಂದು ಬಗಲಾಗ ಇದ್ಲು. ಮೂರು ತಿಂಗಳ ಕೂಸು. ಅದರ ಮ್ಯಾಲ ನೀವ ತಿಳಕೋರಿ. ನಾ ಏನೂ ಅಂದಿಲ್ಲ."

ಬಳ್ಳಾರಿಗೆ ಬಂದು ಫಾದರ್ ನಮ್ಮೆದುರೇ ಪುಟ ತೆಗೆದರು. ಅಪ್ಪನದು ಪುಟದ ಕೊನೆಯ ಸಾಲು; ಹಾಳೆ ಮಗುಚಿದರೆ ಮೊದಲಲ್ಲೇ, ಅದೇ ದಿನ, ಒಂದು ಹೆಣ್ಣುಕೂಸು. ತಾಯಿ ಅದೇ ಹೆಂಗಸು, ತಂದೆ ಆಕೆಯ ಗಂಡ. ವಯಸ್ಸು ಮೂರು ತಿಂಗಳು. ಅಪ್ಪನಿಗೆ ಒಂದು ತಿಂಗಳು ತುಂಬಿರಲಿಲ್ಲ. ಒಬ್ಬಳು ಅಷ್ಟು ಬೇಗ ಎರಡು ಸಲ ಹೆರಲಾರಳು.

"ಈ ವಯಸ್ಸುಗಳೆಲ್ಲ ಕೂಸಿನ ಮುಖ ನೋಡಿ ಬರೆದ ಅಂದಾಜು," ಎಂದರು ಫಾದರ್, ತಮಗೆ ತಾವೇ ಎಂಬಂತೆ. ಮೂರು ಎಂದಿರುವುದು ಹತ್ತು ಹನ್ನೊಂದು ತಿಂಗಳಾಗಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಅದು ಅವರಿಗೂ ಗೊತ್ತಿತ್ತು, ನನಗೂ. ಅವರು ಸ್ವಲ್ಪ ಹೊತ್ತು ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡಿದ್ದು, "ಬರುವ ಭಾನುವಾರದಿಂದ ಪೂಜೆಯಲ್ಲಿ ನಿಮ್ಮ ಹೆಸರು ಓದಿ ಮದುವೆ ಸಾರುತ್ತೇನೆ," ಎಂದರು.

ಮದುವೆಯ ದಿನ ಆ ಅಜ್ಜಿ ಕೋಲೂರಿಕೊಂಡು ಬಂದವರು ನೆಟ್ಟಗೆ ನಮ್ಮ ಕಡೆಯ ಮುಂದಿನ ಸಾಲಿಗೆ ಹೋಗಿ ಅವ್ವನ ಪಕ್ಕ ಕೂತರು. ಗಂಡಿನ ಕಡೆಯ ಯಾರೋ ಹೆಂಗಸು ಬಾಗಿ ಪಿಸುಗುಟ್ಟಿದಳು: "ಅಜ್ಜಿ, ನಮ್ಮ ಕಡಿ ಬರ್ರಿ, ಇದು ಹೆಣ್ಣಿನವರದು."

ಅಜ್ಜಿಗೆ ಪಿಸುಮಾತು ಬರುತ್ತಿರಲಿಲ್ಲ. "ನನ್ನ ಮಗನ ಮಗಳ ಮದುವಿ. ಮತ್ತೆಲ್ಲಿ ಕುಂದ್ರಲಿ?"

ಫಾದರ್ ಓದುತ್ತಿದ್ದುದನ್ನು ನಿಲ್ಲಿಸಿದರು. ಅಪ್ಪ ನೆಲ ನೋಡುತ್ತಿದ್ದ. ನನ್ನ ಕೈ ಆ ಹುಡುಗನ ಕೈಯೊಳಗಿತ್ತು. ಬಿಡಬೇಕೋ ಹಿಡಿಯಬೇಕೋ ತಿಳಿಯಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಫಾದರ್ ನಿಲ್ಲಿಸಿದ ಕಡೆಯಿಂದಲೇ ಮುಂದೆ ಓದಿದರು.

ನನ್ನ ಗಂಡ ಹೇಳುತ್ತಾನೆ, ಫಾದರ್ ನಿಲ್ಲಿಸಲೇ ಇಲ್ಲ, ಒಂದು ಸಲ ಕೆಮ್ಮಿದರು ಅಷ್ಟೆ. ನಾನು ಮತ್ತೆ ಮತ್ತೆ ಕೇಳಿದ್ದೇನೆ. ಪ್ರತಿ ಸಲವೂ ಕೆಮ್ಮು ಅಂತಲೇ ಅನ್ನುತ್ತಾನೆ.