ಫೆನ್ಸಿಂಗ್ ಹುಡುಗ್ಯಾರ ಅಂಟಿನ ಉಂಡಿ

ವಿಜಯಪುರದಾಗ ನಾ ಹುಡುಗ್ಯಾರಿಗೆ ಫೆನ್ಸಿಂಗ್ ಕಲಸ್ತೀನಿ. ದಪ್ಪನ ಅಂಗಿ ತೊಟ್ಟು, ಮುಖಕ್ಕ ಜಾಳಿಗಿ ಹಾಕ್ಕೊಂಡು, ಮೊಣಕಾಲು ಬಗ್ಗಿಸ್ಕೊಂಡೇ ಹಿಂದ ಮುಂದ ಜಿಗಿಯೋ ಕತ್ತಿ ಆಟ. ಒಂದಿನ ತಿಕೋಟಾದ ಸವಿತಾ ಆಡ್ತಾ ಆಡ್ತಾ ಕಣ್ಣಿಗೆ ಕತ್ತಲಿ ಬಂದು ಕುಂತಬಿಟ್ಲು. ದಪ್ಪ ಆಗ್ತೀನಿ ಅಂತ ಮುಂಜಾನಿ ಏನೂ ತಿಂದಿರಲಿಲ್ಲ.

ಮರುದಿನ ಅವಳ ಅಜ್ಜಿ ಬಸ್ ಹತ್ತಿ ಬಂದ್ರು. ಡಬ್ಬಿ ತೆಗೆದ್ರ ಕೊಬ್ರಿ, ಒಣದ್ರಾಕ್ಷಿ ಹಾಕಿದ ಅಂಟಿನ ಉಂಡಿ. ಸವಿತಾ ನಾಚಿದ್ಲು.

"ಆಯಿ, ಇದು ಬಾಣಂತ್ಯಾರು ತಿನ್ನೂದು."

"ಬಾಣಂತಿ ಒಮ್ಮೆ ದಣೀತಾಳ, ನೀ ದಿನಾ ದಣೀತಿ. ತಿನ್ನು. ನೀವೂ ತಗೋರಿ, ಅಕ್ಕಾರ."

ಈಗ ಸ್ಪರ್ಧೆಗೆ ಹೊಂಟ್ರ ಕತ್ತಿ ಜೋಡಿ ಉಂಡಿ ಡಬ್ಬಿನೂ ಬರ್ತೈತಿ. ಎದುರಿನ ತಂಡದ ಮೇಡಂ ಒಮ್ಮೆ ಡಬ್ಬಿ ನೋಡಿ, "ಯಾರದ್ರಿ ಹೆರಿಗಿ ಆಗಿದ್ದು?" ಅಂದ್ರು.

"ಎಲ್ಲಾರದೂ ಆಗೇತ್ರಿ" ಅಂತ ಅವರ ಕೈಯಾಗೂ ಒಂದು ಇಟ್ಟೆ.