ಪುಡಿ ಅಕ್ಕನ ಬೆಳಗುಗಳು

“ಕಡಿಮೆ ಕಾವಲ್ಲಿ ಮೆಥನಾಲ್ ಬಂದ ಮರುದಿನದಿಂದ ನಾನೇ ನಿನ್ನ ಶಾಲೆಗೆ ಬಿಡ್ತೀನಿ,” ಎಂದು ಪುಡಿ ಅಕ್ಕ ಮಾತು ಕೊಟ್ಟಾಗ ಮಗಳಿಗೆ ಶೂ ಲೇಸು ಕಟ್ಟಲೂ ಬರುತ್ತಿರಲಿಲ್ಲ. ಈಗ ಅವಳು ಅಮ್ಮನಿಗಿಂತ ಎತ್ತರ.

ಬೆಳಕು ಹರಿಯುವ ಮುಂಚೆಯೇ ಅಕ್ಕ ಪ್ರಯೋಗಾಲಯದಲ್ಲಿರುತ್ತಾರೆ. ರಾತ್ರಿಯಿಡೀ ಕುಲುಮೆಯಲ್ಲಿ ಬೆಂದ ಪುಡಿ, ತೇವ ಹೀರುವ ಮೊದಲೇ ಕೊಳವೆ ಸೇರಬೇಕು. ತಾಮ್ರ, ಸತು, ಜೊತೆಗೆ ಅವರೇ ಯೋಚಿಸಿ ಸೇರಿಸಿದ ಚಿಟಿಕೆ ಮೂರನೆಯ ಲೋಹ. ಬಿಲ್ಲೆ ಒತ್ತಿ, ಒಡೆದು, ಜರಡಿ ಹಿಡಿದು, ಬೆರಳುದಪ್ಪದ ಉಕ್ಕಿನ ಕೊಳವೆಗೆ ತುಂಬುತ್ತಾರೆ. ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕ ಇದರ ಮೂಲಕ ಹಾಯ್ದು, ಪುಡಿಯ ನೆರವಿನಿಂದ ಇಂಧನವಾಗಬಲ್ಲ ಮೆಥನಾಲ್ ಆಗಬೇಕು. ಆಗುತ್ತದೆ, ಆದರೆ ವಿಪರೀತ ಕಾಯಿಸಬೇಕು; ಕಾಯಿಸಿದರೆ ತಾಮ್ರದ ಕಣಗಳು ಅಂಟಿಕೊಂಡು ಪುಡಿ ಸೋಲುತ್ತದೆ.

“ಎಲ್ಲರೂ ಚಳಿಗೆ ಮುದುಡಿದ್ರೆ ಇವು ಸೆಕೆಗೆ ಮುದುಡ್ತಾವೆ. ಆಮೇಲೆ ಏಳು ಅಂದ್ರೂ ಏಳಲ್ಲ,” ಎನ್ನುತ್ತಾ ಅಕ್ಕ ಕಣ್ಣುಜ್ಜಿಕೊಳ್ಳುತ್ತಾರೆ.

ಅಷ್ಟೂ ವರ್ಷ ಮಗಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಟ್ಟವರು ಅಕ್ಕನ ಅತ್ತೆ. ಬೆಳಗಿನ ಆ ಒಂದು ಗಂಟೆ ಎಂಥದ್ದೆಂದು ಮಕ್ಕಳೊಂದಿಗರಿಗೆ ಹೇಳಬೇಕಿಲ್ಲ.

ಮಗಳ ಶಾಲೆಯ ಕೊನೆಯ ವರ್ಷ ಮುಗಿಯಲು ಕೆಲವೇ ವಾರ ಇದ್ದಾಗ ಹೊಸ ಪುಡಿ ಕಡಿಮೆ ಕಾವಿನಲ್ಲೇ ಧಾರಾಳ ಮೆಥನಾಲ್ ಕೊಟ್ಟಿತು. ಅತ್ತೆ ಬೀದಿಗೆಲ್ಲ ಸುದ್ದಿ ಹಂಚಿದರು.

“ಇಷ್ಟು ದೊಡ್ಡೋಳನ್ನ ಕೈ ಹಿಡ್ಕೊಂಡು ಹೋಗ್ತೀಯಾ? ನನ್ನ ಮಾನ ಹೋಗತ್ತೆ,” ಎಂದಳು ಮಗಳು. ಆಮೇಲೆ ಅವಳೇ, “ಸರಿ, ಗೇಟಿನ ತನಕ ಬಾ.”

ಮರುದಿನ ಅಕ್ಕ ಹೋದದ್ದು ಪ್ರಯೋಗಾಲಯಕ್ಕೇ, ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು. ಇಂಗಾಲದ ಡೈಆಕ್ಸೈಡ್ ನಿಲ್ಲಿಸಿ, ಅದರ ಬದಲು ಇಂಗಾಲವೇ ಇಲ್ಲದ, ಮೆಥನಾಲ್ ಆಗಲಾರದ ಸಾರಜನಕ ಬಿಟ್ಟರು. ಮೆಥನಾಲ್ ಆಗಲೂ ಬಂತು.

“ಒಲೆನೇ ಹಚ್ಚಿಲ್ಲ, ಅಡುಗೆ ಘಮ ಬರ್ತಿದೆ ಅಂದ್ರೆ ಪಕ್ಕದ ಮನೇದೇ ಅಲ್ವಾ?” ಎಂದರು ಅಕ್ಕ.

ಕೊಳವೆ ತೊಳೆಯಲು ಬಳಸಿದ್ದ ಮೆಥನಾಲ್ ಒಂದು ತಿರುವಿನಲ್ಲಿ ಉಳಿದು ಜಿನುಗುತ್ತಿತ್ತು. ತೊಳೆದವರು ಅವರೇ.

“ಇದನ್ನ ನೋಡಿ ಅಂತ ಯಾರು ಹೇಳಿದ್ರು ನಿಮಗೆ?” ವಿಭಾಗದ ಹಿರಿಯರು ಸಿಡುಕಿದರಂತೆ.

“ಯಾರೂ ಹೇಳ್ಲಿಲ್ಲ ಸರ್. ಅದಕ್ಕೇ ನೋಡ್ದೆ.”

ಸಂಜೆ ಮಗಳು ಕೇಳಿದ್ದು ಒಂದೇ: “ಬರ್ಲಿಲ್ವಾ?”

“ಬಂದಿದ್ದು ನಮ್ದಲ್ಲ ಕಣೆ.”

ಒಂದು ದಿನ ರಜೆ ಹಾಕಿ ಹೋಗಬಹುದಿತ್ತಲ್ಲ ಎಂದು ಕೇಳಿದರೆ ಅಕ್ಕ ಜರಡಿ ಕೆಳಗಿಡುತ್ತಾರೆ. “ಹೋಗ್ಬಹುದಿತ್ತು. ನಾಳೆ ಬರತ್ತೆ, ನಾಳೆ ಬರತ್ತೆ ಅಂತಾನೇ ಇಷ್ಟು ವರ್ಷ ಆಗೋಯ್ತು.”

ಇನ್ನೊಂದು ಪುಡಿ ಕುಲುಮೆಯಲ್ಲಿದೆ. ಶಾಲೆ ಕಳೆದ ವಾರ ಮುಗಿಯಿತು. ಅಕ್ಕ ಮಗಳನ್ನು ಒಂದು ದಿನವೂ ಬಿಡಲು ಹೋಗಲಿಲ್ಲ.